ಕೈ ಬದಲಿಸಿದ ಕಾರು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲೆಳೆಯುತ್ತದೆಯೇ ಎಂದು ಹಿಂದೆ ನಿಂತು ಗಮನಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ವಸ್ತ್ರದ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆಯ ಮಾತು. ಅದೇ ರೈತನ ಮಗನು ಪಟ್ಟಣ ಸೇರಿ, ಗುಮಾಸ್ತನೋ ಉಪಾಧ್ಯಾಯನೋ ಆಗಿ, ನಾಲ್ಕು ಕಾಸು ಕೂಡಿಟ್ಟು, ಹಳೆಯ ಕಾರೊಂದನ್ನು ಕೊಳ್ಳಲು ಹೊರಟಾಗ ಮೊದಲು ನೋಡುವುದೇನನ್ನು? ಬಣ್ಣವನ್ನು. ಎರಡನೆಯದಾಗಿ, ಆಸನಗಳಿಗೆ ಹೊದಿಸಿದ ಹೊಸ ಗವುಸನ್ನು. ಮೂರನೆಯದಾಗಿ, ಹಾಡು ಕೇಳುವ ಪೆಟ್ಟಿಗೆ ಚೆನ್ನಾಗಿದೆಯೇ ಎಂಬುದನ್ನು. ಅಪ್ಪನಿಗಿದ್ದ ಎಚ್ಚರವು ಮಗನಿಗೆ ಇಲ್ಲವೆಂದಲ್ಲ. ಎತ್ತಿನ ಹಲ್ಲು ಎಲ್ಲಿದೆಯೆಂದು ಅಪ್ಪನು ಬಲ್ಲ, ಕಾರಿನ ಹಲ್ಲು ಎಲ್ಲಿದೆಯೆಂದು ಮಗನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಹಳೆಯ ಸಣ್ಣ ಕಾರು ಎಂದೊಡನೆ ಮಧ್ಯಮ ವರ್ಗದ ಮನೆಗಳಲ್ಲಿ ನೆನಪಿಗೆ ಬರುವುದು ಮಾರುತಿ 800. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಇದರ ಮೊದಲ ಬೀಗದ ಕೈಯನ್ನು ಹರ್ಪಾಲ್ ಸಿಂಗ್ ಎಂಬವರ ಕೈಗಿತ್ತರು. ಆಗ ಇದರ ಬೆಲೆ ಐವತ್ತು ಸಾವಿರ ರೂಪಾಯಿಗಳ ಆಸುಪಾಸು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಈ ಮೂವತ್ತು ವರ್ಷಗಳಲ್ಲಿ ಇಪ್ಪತ್ತೈದು ಲಕ್ಷಕ್ಕೂ ಮೀರಿ ಕಾರುಗಳು ಭಾರತದ ಬೀದಿಗಳಿಗೆ ಇಳಿದವು. ಮೂರು ಸಿಲಿಂಡರು, 796 ಸಿ.ಸಿ.ಯ ಪುಟ್ಟ ಇಂಜಿನ್, ಹನ್ನೆರಡು ಅಂಗುಲದ ಚಕ್ರ, ಮೂರೂಕಾಲು ಮೀಟರಿಗಿಂತ ತುಸು ಹೆಚ್ಚಿನ ಉದ್ದ. ಅಂಬಾಸಡರಿನ ಪಕ್ಕದಲ್ಲಿ ನಿಂತಾಗ ಹಸುವಿನ ಪಕ್ಕದ ಕರುವಿನಂತೆ ಕಾಣುತ್ತಿದ್ದ ಈ ವಾಹನವನ್ನು ಕಂಡು ನಕ್ಕವರುಂಟು. ಆದರೆ ಚಳಿಗಾಲದ ಬೆಳಗ್ಗೆ ಅಂಬಾಸಡರನ್ನು ನಾಲ್ವರು ನೂಕುತ್ತಿರುವಾಗ ಇದು ಒಂದೇ ತಿರುವಿಗೆ ಎಚ್ಚೆತ್ತು ಹೊರಟುಬಿಡುತ್ತಿತ್ತು. ನಗು ಬಹುಕಾಲ ಉಳಿಯಲಿಲ್ಲ.

ತಯಾರಿಕೆ ನಿಂತರೂ ಕಾರುಗಳು ನಿಲ್ಲಲಿಲ್ಲ. ಮೊದಲ ಒಡೆಯನಿಂದ ಎರಡನೆಯವನಿಗೆ, ಅವನಿಂದ ಅವನ ಷಡ್ಡಕನಿಗೆ, ಅಲ್ಲಿಂದ ಜಿಲ್ಲಾ ಕೇಂದ್ರದ ಡ್ರೈವಿಂಗ್ ಶಾಲೆಗೆ, ಮತ್ತೆ ಅಲ್ಲಿಂದ ಹೊಸದಾಗಿ ಕಾರು ಕಲಿತ ಒಬ್ಬ ಗೃಹಸ್ಥನಿಗೆ, ಹೀಗೆ ಅವು ಕೈ ಬದಲಿಸುತ್ತ ಬಂದಿವೆ. ಹೀಗೆ ಕೈ ಬದಲಿಸಿದ ಕಾರುಗಳ ಒಡೆಯರನ್ನು ಮಾತಿಗೆ ಎಳೆದು ನೋಡಿದರೆ ಒಂದು ವಿಚಿತ್ರವು ಗೋಚರಿಸುತ್ತದೆ. ಒಂದೇ ವರ್ಷದ, ಒಂದೇ ಮಾದರಿಯ ಎರಡು ಕಾರುಗಳನ್ನು ಕೊಂಡ ಇಬ್ಬರಲ್ಲಿ ಒಬ್ಬನು, "ಹತ್ತು ವರ್ಷವಾಯಿತು, ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿಲ್ಲ" ಎನ್ನುತ್ತಾನೆ. ಇನ್ನೊಬ್ಬನು, "ಕೊಂಡದ್ದಕ್ಕಿಂತ ರಿಪೇರಿಗೆ ಸುರಿದದ್ದೇ ಹೆಚ್ಚು" ಎಂದು ನಿಟ್ಟುಸಿರಿಡುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಕಾರ್ಖಾನೆಯಿಂದ, ಪ್ರಾಯಶಃ ಒಂದೇ ವಾರದಲ್ಲಿ ಹೊರಬಿದ್ದ ಎರಡು ಯಂತ್ರಗಳು ಇಷ್ಟು ಭಿನ್ನವಾದ ಹಣೆಬರಹವನ್ನು ಪಡೆಯುವುದೇಕೆ? ಗ್ರಹಚಾರವೆಂದು ಕೈಚೆಲ್ಲುವುದು ಸುಲಭ. ಆದರೆ ಕಾರಿನ ಹಣೆಬರಹವನ್ನು ಬರೆಯುವವನು ಬ್ರಹ್ಮನಲ್ಲ, ಅದರ ಹಿಂದಿನ ಒಡೆಯ.

ನೀರಿನ ವಿಚಾರವೊಂದನ್ನೇ ತೆಗೆದುಕೊಳ್ಳಬಹುದು. ಈ ಇಂಜಿನ್ನಿನ ಕೆಳಗಿನ ಒಡಲು ಎರಕದ ಕಬ್ಬಿಣದ್ದು, ಮೇಲಿನ ತಲೆ ಅಲ್ಯುಮಿನಿಯಮ್ಮಿನದು. ಎರಡರ ನಡುವೆ ಬಿಗಿಯಾಗಿ ಕುಳಿತಿರುವ ತೆಳ್ಳನೆಯ ಹಾಳೆಗೆ ಹೆಡ್ ಗ್ಯಾಸ್ಕೆಟ್ ಎಂದು ಹೆಸರು. ಇವುಗಳನ್ನು ತಣ್ಣಗಿಡುವುದಕ್ಕಾಗಿ ರೇಡಿಯೇಟರಿಗೆ ಹಾಕಬೇಕಾದದ್ದು ಕೂಲಂಟ್ ಬೆರೆಸಿದ ಶುದ್ಧ ನೀರು. ಕೂಲಂಟು ಒಳಗಿನ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ನೀರು ಬೇಗನೆ ಕುದಿಯದಂತೆಯೂ ತಡೆಯುತ್ತದೆ. ಮೊದಲ ಒಡೆಯನು ಮಿತವ್ಯಯದವನಾಗಿದ್ದರೆ ಏನು ಮಾಡುತ್ತಾನೆ? ಮನೆಯ ಹಿತ್ತಲಿನ ಕೊಳವೆ ಬಾವಿಯ ಗಡಸು ನೀರನ್ನು ಚೊಂಬಿನಲ್ಲಿ ತಂದು ಸುರಿಯುತ್ತಾನೆ. ಕಾರು ಆ ದಿನ ಏನನ್ನೂ ಹೇಳುವುದಿಲ್ಲ. ಮರುದಿನವೂ ಹೇಳುವುದಿಲ್ಲ. ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅದೇ ಪೊರೆಯು ರೇಡಿಯೇಟರಿನ ಸಣ್ಣ ಸಣ್ಣ ನಾಳಗಳಲ್ಲಿ, ತುಕ್ಕಿನ ಕೆಸರಿನೊಡನೆ ಸೇರಿ, ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತದೆ. ಅಷ್ಟರಲ್ಲಿ ಆ ಪುಣ್ಯಾತ್ಮನು ಕಾರಿಗೆ ಬಣ್ಣ ಹೊಡೆಸಿ ಮಾರಿ ಕೈತೊಳೆದುಕೊಂಡಿರುತ್ತಾನೆ.

ಸಾಲ ತೀರಿಸುವ ಸರದಿ ಬರುವುದು ಎರಡನೆಯವನಿಗೆ. ಬೇಸಗೆಯ ರಜೆಯಲ್ಲಿ ಅವನ ಸಂಸಾರವು ಧರ್ಮಸ್ಥಳಕ್ಕೆ ಹೋಗಿ, ದರ್ಶನ ಮುಗಿಸಿ, ಚಾರ್ಮಾಡಿ ಘಾಟಿಯನ್ನೇರಿ ಹಿಂದಿರುಗುತ್ತಿದೆಯೆನ್ನಿ. ಮುಂದೆ ಗಂಡ ಹೆಂಡಿರು, ಹಿಂದೆ ಮಕ್ಕಳಿಬ್ಬರು, ಅವರ ನಡುವೆ ಅಜ್ಜಿ. ಡಿಕ್ಕಿಯಲ್ಲಿ ಹಿಡಿಸಲಾರದಷ್ಟು ಗಂಟು ಮೂಟೆ. ಸೆಕೆಯೆಂದು ಏರ್ ಕಂಡಿಷನರೂ ನಡೆಯುತ್ತಿದೆ. ಪುಟ್ಟ ಇಂಜಿನ್ನು ಎರಡನೆಯ ಗೇರಿನಲ್ಲಿ ಗೋಳಿಡುತ್ತ ತಿರುವಿನ ಮೇಲೆ ತಿರುವನ್ನು ಹತ್ತುತ್ತಿದೆ. ಮಕ್ಕಳು ಕಣಿವೆಯ ಮಂಜನ್ನು ನೋಡುತ್ತಿದ್ದಾರೆ, ಅಜ್ಜಿ ಕಣ್ಣು ಮುಚ್ಚಿ ಮಂಜುನಾಥನನ್ನು ಸ್ಮರಿಸುತ್ತಿದ್ದಾಳೆ. ಉಷ್ಣತೆಯ ಮುಳ್ಳು ಮೇಲೇರುತ್ತಿರುವುದನ್ನು ಮಾತ್ರ ಯಾರೂ ನೋಡುತ್ತಿಲ್ಲ. ನೋಡಿದರೂ, "ಇನ್ನೇನು ಕೊಟ್ಟಿಗೆಹಾರ ಬಂತು, ಅಲ್ಲಿ ಕಾಫಿ ಕುಡಿಯುವಾಗ ತಣ್ಣಗಾಗುತ್ತದೆ" ಎಂದು ಯಜಮಾನನು ಸಮಾಧಾನ ಹೇಳಿಕೊಳ್ಳುತ್ತಾನೆ. ಆ ಕೊನೆಯ ಮೂರು ಮೈಲಿಗಳೇ ಇಂಜಿನ್ನಿನ ಆಯುಷ್ಯವನ್ನು ತಿನ್ನುವಂಥವು. ಕಾದ ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗಿ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹರಿಯುತ್ತದೆ, ನೀರು ಇರಬೇಕಾದಲ್ಲಿಗೆ ಎಣ್ಣೆ, ಎಣ್ಣೆ ಇರಬೇಕಾದಲ್ಲಿಗೆ ನೀರು ನುಗ್ಗುತ್ತದೆ. ಬಾನೆಟ್ಟಿನ ಸಂದಿನಿಂದ ಹಬೆ ಏಳುವುದನ್ನು ಕಂಡು ಗಾಬರಿಯಾದ ಯಜಮಾನನು ಇಳಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದನೆಂದರೆ ಕಾರಿನ ಜೊತೆಗೆ ಅವನ ಕೈ ಮುಖಗಳೂ ಬೇಯುವ ಸಂಭವವುಂಟು. ಒತ್ತಡದಲ್ಲಿ ಕುದಿಯುತ್ತಿರುವ ನೀರಿನ ಮುಚ್ಚಳವನ್ನು ತಣ್ಣಗಾಗುವ ತನಕ ಮುಟ್ಟಲೇಕೂಡದು. ಮುಳ್ಳು ಏರಿದ ಕ್ಷಣವೇ ಬದಿಗೆ ನಿಲ್ಲಿಸಿ ಇಂಜಿನ್ನನ್ನು ಆರಿಸಿದ್ದರೆ ಅರ್ಧ ಗಂಟೆಯ ಕಾಯುವಿಕೆಯಲ್ಲಿ ಮುಗಿಯಬಹುದಾಗಿದ್ದ ಸಂಗತಿಯಿದು.

ಊರು ಸೇರಿದ ಮೇಲೆ ಆ ಗೃಹಸ್ಥನು ಬೈಯುವುದು ಕಾರನ್ನು. "ಈ ಮಾದರಿಯೇ ಸರಿಯಿಲ್ಲ" ಎಂದು ಕಚೇರಿಯಲ್ಲಿ ನಾಲ್ವರ ಮುಂದೆ ಸಾರುತ್ತಾನೆ. ಕೊಳವೆ ಬಾವಿಯ ನೀರು ಸುರಿದವನ ಹೆಸರು ಅಲ್ಲಿ ಬರುವುದೇ ಇಲ್ಲ.

ಎಣ್ಣೆಯ ಕಥೆಯೂ ಇದೇ ಜಾಡಿನದು, ವಿಸ್ತರಿಸಬೇಕಾಗಿಲ್ಲ. ಐದು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದವನ ಇಂಜಿನ್ನು ಲಕ್ಷ ದಾಟಿದ ಮೇಲೂ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತದೆ. ಇಳಿದಾಗ ಮೇಲಿಂದ ಮೇಲೆ ತುಂಬಿಸುತ್ತ ದಿನ ನೂಕಿದವನದು ಹೊಗೆಕೊಳವೆಯಿಂದ ನೀಲಿ ಹೊಗೆ ಉಗುಳುತ್ತದೆ. ಟೈಮಿಂಗ್ ಬೆಲ್ಟು ಇನ್ನೊಂದು. ಹೊರಗೆ ಕಾಣಿಸದ ಈ ರಬ್ಬರಿನ ಪಟ್ಟಿಯು ತುಂಡಾಗುವ ಮುನ್ನ ಯಾವ ಸೂಚನೆಯನ್ನೂ ಕೊಡದೆ, ನಡುದಾರಿಯಲ್ಲಿ ಇಂಜಿನ್ನನ್ನು ನಿಲ್ಲಿಸಿಬಿಡಬಲ್ಲದು. ಹಿಂದಿನವನು ಅದನ್ನು ಎಂದು ಬದಲಿಸಿದನೆಂದು ಖಚಿತವಾಗಿ ತಿಳಿಯದಿದ್ದರೆ, ಬದಲಿಸಿಯೇ ಇಲ್ಲವೆಂದು ಎಣಿಸಿ ಹೊಸದನ್ನು ಹಾಕಿಸುವುದು ಜಾಣತನ.

ಹಾಗಾದರೆ ಹೆಚ್ಚು ಓಡದ ಕಾರನ್ನು ಹುಡುಕಿ ಕೊಂಡರಾಯಿತಲ್ಲ ಎಂದು ವಾಚಕರು ಕೇಳಬಹುದು. ಎಲ್ಲ ಖರೀದಿದಾರರೂ ಮೊದಲು ಕೇಳುವ ಪ್ರಶ್ನೆಯೇ ಅದು: "ಎಷ್ಟು ಕಿಲೋಮೀಟರು ಓಡಿದೆ?" ದಲ್ಲಾಳಿಯ ಬಾಯಲ್ಲಿ ಉತ್ತರವು ಸಿದ್ಧವಾಗಿರುತ್ತದೆ: "ಡಾಕ್ಟರ ಗಾಡಿ ಸ್ವಾಮಿ, ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ." ಈ ನಾಡಿನಲ್ಲಿ ಮಾರಾಟಕ್ಕೆ ಬಂದ ಹಳೆಯ ಕಾರುಗಳಲ್ಲಿ ಡಾಕ್ಟರದ್ದಲ್ಲದ ಕಾರು ಇದೆಯೇ ಎಂಬುದೇ ಸಂಶಯ. ಹಲ್ಲಿನ ಗಾಲಿಗಳ ಹಳೆಯ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಗಡಿಯಾರದ ಮುಳ್ಳು ತಿರುಗಿಸಿದಷ್ಟು ಸುಲಭ. ಆದ್ದರಿಂದ ಮೀಟರನ್ನು ಬಿಟ್ಟು, ಸುಳ್ಳು ಹೇಳಲಾರದ ಸಾಕ್ಷಿಗಳನ್ನು ವಿಚಾರಿಸಬೇಕು. ಮೂವತ್ತು ಸಾವಿರ ಓಡಿದೆಯೆನ್ನುವ ಕಾರಿನ ಬ್ರೇಕು ಮತ್ತು ಕ್ಲಚ್ಚಿನ ತುಳಿಗಟ್ಟೆಯ ರಬ್ಬರು ಸವೆದು ನುಣ್ಣಗಾಗಿದ್ದರೆ, ಸ್ಟಿಯರಿಂಗಿನ ಅಂಚು ಎಣ್ಣೆ ತಿಂದ ದೋಸೆಕಲ್ಲಿನಂತೆ ಹೊಳೆಯುತ್ತಿದ್ದರೆ, ಯಾರು ಸುಳ್ಳಾಡುತ್ತಿದ್ದಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕೆಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. ಬಾಗಿಲಿನ ತಗಡಿಗೆ ಒಂದು ಸಣ್ಣ ಅಯಸ್ಕಾಂತವನ್ನು ಹಿಡಿದರೆ, ಅದು ಅಂಟದ ಕಡೆಯಲ್ಲಿ ಬಣ್ಣದ ಕೆಳಗೆ ಇರುವುದು ಪುಟ್ಟಿ. ಎಂದರೆ ಹಿಂದೊಮ್ಮೆ ಆ ಜಾಗದಲ್ಲಿ ಪೆಟ್ಟು ಬಿದ್ದಿದೆ, ಇಲ್ಲವೆ ತುಕ್ಕು ತಿಂದಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕಾರನ್ನು ನೋಡಲು ಬೆಳಗ್ಗೆ ಹೇಳದೆ ಹೋಗುವುದು. ಹೇಳಿ ಹೋದರೆ ಇಂಜಿನ್ನು ಆಗಲೇ ಬೆಚ್ಚಗಾಗಿ ಅತಿಥಿಯ ಸ್ವಾಗತಕ್ಕೆ ಸಿದ್ಧವಾಗಿ ನಿಂತಿರುತ್ತದೆ. ತಣ್ಣಗಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆರೆದು ನೋಡಿ, ಒಳಮೈಯಲ್ಲಿ ಮಜ್ಜಿಗೆಯಂಥ ಬಿಳಿಯ ಲೇಪವಿದ್ದರೆ ನೀರು ಎಣ್ಣೆಗೆ ಸೇರುತ್ತಿರಬಹುದೆಂದು ಶಂಕಿಸಬೇಕು. ಕಾರಿನ ಹಲ್ಲು ಇರುವುದು ಇಲ್ಲಿಯೇ.

ನಿಜವಾಗಿಯೂ ಕಡಿಮೆ ಓಡಿದ ಕಾರು ಸಿಕ್ಕಿತೆನ್ನಿ; ಆಗಲೂ ನಿಶ್ಚಿಂತೆಯಿಲ್ಲ. ಮೊದಲು ಹೇಳಿದ ಹರ್ಪಾಲ್ ಸಿಂಗರ ಕಾರಿನ ಕಥೆಯೇ ಇದಕ್ಕೆ ನಿದರ್ಶನ. ಅವರು ಆ ಕಾರನ್ನು ಯಾರಿಗೂ ಮಾರಲಿಲ್ಲ. 2010ರಲ್ಲಿ ತೀರಿಕೊಳ್ಳುವವರೆಗೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರ ಕಾಲಾನಂತರ ಅದು ದೆಹಲಿಯ ಮನೆಯ ಮುಂದೆ ಬಿಸಿಲು ಮಳೆಗಳಲ್ಲಿ ನಿಂತಿತು. ನಿಂತಲ್ಲಿಯೇ ತುಕ್ಕು ಹಿಡಿದು ಶಿಥಿಲವಾಯಿತು. ಕಡೆಗೆ ತಯಾರಕರೇ ಅದನ್ನು ಜೀರ್ಣೋದ್ಧಾರ ಮಾಡಿ ತಮ್ಮ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಇಪ್ಪತ್ತೇಳು ವರ್ಷಗಳ ಬಳಕೆಯನ್ನು ತಡೆದುಕೊಂಡ ಯಂತ್ರವು ಕೆಲವೇ ವರ್ಷಗಳ ನಿಲುಗಡೆಯನ್ನು ತಡೆದುಕೊಳ್ಳಲಿಲ್ಲ. ವಿದೇಶದಲ್ಲಿರುವ ಮಗ ಕೊಡಿಸಿದ, ಶೆಡ್ಡಿನಲ್ಲಿ ಹೊದಿಕೆ ಹೊದ್ದು ಕುಳಿತ ಕಾರುಗಳು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಎಷ್ಟೋ ಇವೆ. ಬ್ಯಾಟರಿ ಸತ್ತಿರುತ್ತದೆ, ಬ್ರೇಕು ಹಿಡಿದುಕೊಂಡಿರುತ್ತದೆ, ಟೈರು ಬಿರಿದಿರುತ್ತದೆ, ವಯರುಗಳನ್ನು ಇಲಿ ಕಡಿದಿರುತ್ತದೆ. ಮೀಟರು ಮಾತ್ರ ಹನ್ನೆರಡು ಸಾವಿರವೆಂದು ಪ್ರಾಮಾಣಿಕವಾಗಿಯೇ ತೋರಿಸುತ್ತಿರುತ್ತದೆ.

ಊರಿನ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ಸಮುದ್ರದ ಉಪ್ಪಿನ ಗಾಳಿ. ಅಲ್ಲಿನ ಕಾರಿನ ಇಂಜಿನ್ನು ಗುಂಡುಕಲ್ಲಿನಂತಿದ್ದರೂ ಕಾಲಡಿಯ ತಗಡು ಹಪ್ಪಳವಾಗಿರಬಹುದು. ಚಾಪೆ ಎತ್ತಿ ಬೆರಳಿನಿಂದ ಒತ್ತಿ ನೋಡದೆ ಕರಾವಳಿಯ ಕಾರನ್ನು ಕೊಳ್ಳತಕ್ಕದ್ದಲ್ಲ. ಕಲಬುರಗಿಯ ಕಾರಿನ ತಗಡು ಗಟ್ಟಿ; ಆದರೆ ನಲವತ್ತು ಡಿಗ್ರಿ ಮೀರುವ ಬೇಸಗೆಗಳನ್ನು ಉಂಡು ಅದರ ರಬ್ಬರಿನ ಕೊಳವೆಗಳೆಲ್ಲ ಒಣ ಕಡ್ಡಿಯಂತಾಗಿರುತ್ತವೆ. ಕೊಳವೆ ಬದಲಿಸುವುದು ನೂರುಗಳ ಮಾತು, ತಗಡು ಬದಲಿಸುವುದು ಸಾವಿರಗಳ ಮಾತು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಬಯಲುಸೀಮೆಯ ಕಾರೇ ಲೇಸು.

ಈ ಮಾದರಿಯ ಕಾರಿಗೆ ವಿಶ್ವಾಸಾರ್ಹವೆಂಬ ಹೆಸರು ಬಂದದ್ದಕ್ಕೆ ಇನ್ನೊಂದು ಕಾರಣವುಂಟು. ಇದು ಕೆಡುವುದೇ ಇಲ್ಲವೆಂದಲ್ಲ. ಕೆಟ್ಟರೆ ಸರಿಪಡಿಸುವವನು ಕೂಗಳತೆಯಲ್ಲಿ ಇದ್ದಾನೆ. ತಾಲ್ಲೂಕು ಕೇಂದ್ರದ ಹುಣಿಸೆಮರದ ಕೆಳಗೆ ಗ್ಯಾರೇಜು ಇಟ್ಟವನಿಗೂ ಇದರ ಒಳಹೊರಗು ಕಂಠಪಾಠ. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಹೊಸದಕ್ಕೆ ಕಾಸಿಲ್ಲದವರು ಶಿವಾಜಿನಗರದ ಗುಜರಿಗೆ ಹೋಗಿ ಹಳೆಯದನ್ನೇ ಹೆಕ್ಕಿ ತರುತ್ತಾರೆ. ಹೆಚ್ಚು ಬೆಲೆಯ ಪರದೇಶದ ಹಳೆಯ ಕಾರೊಂದನ್ನು ಅಗ್ಗವಾಗಿ ಕೊಂಡು, ಒಂದು ಸಣ್ಣ ಭಾಗಕ್ಕಾಗಿ ಎರಡು ತಿಂಗಳು ಕಾದು ಕುಳಿತವರನ್ನು ಕಂಡಾಗ ಈ ಅನುಕೂಲದ ಬೆಲೆ ಅರಿವಾಗುತ್ತದೆ. ಆದರೆ ಮೆಕ್ಯಾನಿಕನ ವಿಷಯದಲ್ಲಿ ಒಂದು ಮಾತು. ಮಾರುವವನೇ ಕರೆತಂದ ಮೆಕ್ಯಾನಿಕನು ಮದುವೆಯ ದಲ್ಲಾಳಿಯಂತೆ. ಹೆಣ್ಣಿನ ಕಡೆಯ ದೋಷವನ್ನೂ ಹೇಳುವುದಿಲ್ಲ, ಗಂಡಿನ ಕಡೆಯ ದೋಷವನ್ನೂ ಹೇಳುವುದಿಲ್ಲ. ತನ್ನ ಕಡೆಯವನೊಬ್ಬನಿಗೆ ಐನೂರೋ ಸಾವಿರವೋ ಕೂಲಿ ಕೊಟ್ಟು ಕರೆದೊಯ್ಯಲು ಹಿಂಜರಿಯುವವನು, ಆಮೇಲೆ ಅದರ ಹತ್ತು ಪಾಲನ್ನು ಬೇರೆಯವನಿಗೆ ಕೊಡುತ್ತಾನೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡವರ ಸಂಖ್ಯೆ ಕಾರಿನ ಪೇಟೆಯಲ್ಲಿ ಸಣ್ಣದಲ್ಲ.

ಲೆಕ್ಕಾಚಾರದಲ್ಲಿ ಮಧ್ಯಮ ವರ್ಗದವರು ಎಡವುವುದೂ ಇಲ್ಲಿಯೇ. ಕೈಯಲ್ಲಿ ಎಪ್ಪತ್ತು ಸಾವಿರವಿದ್ದರೆ ಎಪ್ಪತ್ತು ಸಾವಿರದ ಕಾರನ್ನೇ ಕೊಳ್ಳುತ್ತಾರೆ. ಮೊದಲ ತಿಂಗಳಲ್ಲಿ ಬ್ಯಾಟರಿ, ಎರಡನೆಯ ತಿಂಗಳಲ್ಲಿ ಕ್ಲಚ್ ಪ್ಲೇಟು. ಮೂರನೆಯ ತಿಂಗಳಲ್ಲಿ ಮನೆಯೊಡತಿಯ ಚೀಟಿಯ ಹಣಕ್ಕೆ ಕೈ. ಐವತ್ತು ಸಾವಿರದ್ದನ್ನು ಕೊಂಡು ಇಪ್ಪತ್ತನ್ನು ಡಬ್ಬಿಯಲ್ಲಿ ಇಟ್ಟುಕೊಂಡವನು ಮೊದಲ ತಿಂಗಳಲ್ಲಿಯೇ ಎಣ್ಣೆ, ಕೂಲಂಟು, ಬೆಲ್ಟು, ಬ್ರೇಕು, ರಬ್ಬರು ಎಲ್ಲವನ್ನೂ ಹೊಸದಾಗಿಸಿ ಹಿಂದಿನವನ ಬಾಕಿಯನ್ನು ಒಂದೇ ಬಾರಿಗೆ ತೀರಿಸಿಬಿಡುತ್ತಾನೆ. "ಹತ್ತು ವರ್ಷದಿಂದ ಕೈಕೊಟ್ಟಿಲ್ಲ" ಎನ್ನುವವರಲ್ಲಿ ಹಲವರು ಹೀಗೆ ಆರಂಭಿಸಿದವರು. ರಬ್ಬರಿನ ಮಾತು ಈಗ ಮತ್ತಷ್ಟು ಮುಖ್ಯ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಕಾರ್ಬ್ಯುರೇಟರಿನ ಕಾಲದ ಪೈಪು, ಗ್ಯಾಸ್ಕೆಟ್ಟುಗಳನ್ನು ಮಾಡಿದವರು ಇಂಥ ಮಿಶ್ರಣವನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಪೆಟ್ರೋಲಿನ ವಾಸನೆ ಕಾರಿನೊಳಗೆ ಬಂದರೆ ಊದುಕಡ್ಡಿ ಹಚ್ಚಿ ಸುಮ್ಮನಾಗಬಾರದು, ಬೆಂಕಿಯ ವಿಷಯವದು.

ಇನ್ನು ಕಾಗದ ಪತ್ರ. ಬೆಂಗಳೂರೂ ಸೇರಿದಂತೆ ದೇಶದ 13 ನಗರಗಳಲ್ಲಿ ಹೊಸ ಮಾಲಿನ್ಯ ನಿಯಮದ ಕಾರಣದಿಂದ 2010ರ ಏಪ್ರಿಲ್‌ನಲ್ಲಿಯೇ 800ರ ಮಾರಾಟ ನಿಂತಿತ್ತು. ಆದ್ದರಿಂದ ಬೆಂಗಳೂರಿನಲ್ಲಿ ಹೊಸದಾಗಿ ಕೊಂಡ 800ಗಳಿಗೆ ಹದಿನೈದು ವರ್ಷ ತುಂಬಿದೆಯೆಂದೇ ತಿಳಿಯಬೇಕು. ಹದಿನೈದು ದಾಟಿದ ಕಾರಿಗೆ ಮತ್ತೆ ತಪಾಸಣೆ ಮಾಡಿಸಿ ನೋಂದಣಿಯನ್ನು ನವೀಕರಿಸಿರಬೇಕು. ಅದರ ಕೇಂದ್ರ ಶುಲ್ಕವು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಜಿಗಿಯಿತು. ನವೀಕರಣವಾಗದ ಕಾರು ಎಷ್ಟೇ ಅಗ್ಗವಾಗಿ ಸಿಕ್ಕರೂ ಈ ಖರ್ಚು ಕೊಂಡವನ ತಲೆಯ ಮೇಲೆ.

ಮಾರುವವನಿಗೂ ಇಲ್ಲೊಂದು ಹಳ್ಳವಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದುಕೊಂಡು, ಹಣ ಎಣಿಸಿಕೊಂಡು, ಸಹಿ ಮಾಡಿದ ಖಾಲಿ ಫಾರಂಗಳನ್ನು ದಲ್ಲಾಳಿಯ ಕೈಗೆ ಕೊಟ್ಟು ಮರೆತುಬಿಡುವವರು ಬಹಳ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನಗಳಲ್ಲಿ, ಕೊಂಡವನು ಮೂವತ್ತು ದಿನಗಳಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆಂಬುದನ್ನು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಆ ಮೊಕದ್ದಮೆಯಲ್ಲಿ ಕಾರು ಒಬ್ಬನಿಂದ ಒಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಎಂದು ಸಾಲಾಗಿ ಕೈ ಬದಲಿಸಿತ್ತು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಯಿತು. ಕಾರನ್ನು ಎಂದೋ ಮಾರಿ, ಅದರ ಮುಖವನ್ನೂ ನೋಡದೆ ಇದ್ದವನೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಾಯಿತು. ಪುಸ್ತಕದಲ್ಲಿ ಹೆಸರಿರುವವನೇ ಕಾನೂನಿನ ಕಣ್ಣಿಗೆ ಒಡೆಯ.

ನೋಂದಣಿ ಪುಸ್ತಕದ ಜೊತೆಗೆ ಮತ್ತೊಂದು ಪುಸ್ತಕವಿರುತ್ತದೆ. ಕೆಲವು ಒಡೆಯರು ಮಾತ್ರ ಅದನ್ನು ಇಟ್ಟಿರುತ್ತಾರೆ. ನಲವತ್ತು ಪುಟದ ಶಾಲೆಯ ನೋಟುಬುಕ್ಕು, ರಟ್ಟಿನ ಮೇಲೆ ಕಾರಿನ ಸಂಖ್ಯೆ, ಒಳಗೆ ದಿನಾಂಕ, ಮೀಟರಿನ ಅಂಕೆ, ಎಣ್ಣೆ ಬದಲಿಸಿದ್ದು, ಬೆಲ್ಟು ಹಾಕಿಸಿದ್ದು, ಗ್ಯಾರೇಜಿಗೆ ಕೊಟ್ಟ ರೂಪಾಯಿ ಪೈಸೆ. ಇಂಥದೊಂದು ಕೈಗೆ ಸಿಕ್ಕರೆ ಕೊಳ್ಳುವವನು ಬೆಲೆಯಲ್ಲಿ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆದರೆ ಕಾರು ದಲ್ಲಾಳಿಯ ಅಂಗಳಕ್ಕೆ ಬಂತೆಂದರೆ, ಬಣ್ಣದವನು ಬರುವುದಕ್ಕೂ ಮುಂಚೆ ಮಾಯವಾಗುವುದು ಆ ಪುಸ್ತಕ. ತಿರುಗಿಸಿದ ಮೀಟರಿಗೂ ಅದರಲ್ಲಿರುವ ಅಂಕೆಗೂ ತಾಳೆಯಾಗುವುದಿಲ್ಲವಲ್ಲ. ಆದುದರಿಂದ ನೋಂದಣಿ ಪುಸ್ತಕದಲ್ಲಿರುವ ವಿಳಾಸವನ್ನು ಗುರುತು ಹಾಕಿಕೊಂಡು, ಒಂದು ಭಾನುವಾರ ಹಿಂದಿನ ಒಡೆಯನ ಮನೆಯ ಬಾಗಿಲು ತಟ್ಟಿ, "ಸ್ವಾಮಿ, ರೇಡಿಯೇಟರಿಗೆ ಏನು ಹಾಕುತ್ತಿದ್ದಿರಿ?" ಎಂದು ಕೇಳುವವರೂ ಇದ್ದಾರೆ. ಬಹುಮಂದಿ ಬೇಸರಪಡದೆ ಉತ್ತರಿಸುತ್ತಾರೆ. ಒಂದೊಂದು ಮನೆಯಲ್ಲಿ ಕಾಫಿಯನ್ನೂ ಕೊಡುತ್ತಾರೆ.